ಗೋಡೆಯಾಚೆಗೆ ಒಂದು ‘ರು’ ಹಾಡು

“ರು ಬಿಟ್ರೆ ಬೇರೆ ಅಕ್ಷರದ ಹಾಡೇ ಬರಲ್ವಾ ನಿಮಗೆ?”

ಗಂಡಸರ ಕಡೆಯಿಂದ ತೂರಿಬಂದ ಆ ದನಿಗೆ ಹೆಂಗಸರ ಕಡೆಯ ಬಿಸಿನೀರಿನ ತೊಟ್ಟಿಯಲ್ಲಿದ್ದವರೆಲ್ಲ ತಲೆ ಎತ್ತಿದರು.

ಬೀದಿಯವರೆಲ್ಲ ಕಾಸು ಕೊಟ್ಟು ಮೀಯಲು ಬರುವ ಒಸಾಕಾದ ಆ ಸ್ನಾನದ ಮನೆಯಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಸೂರಿಗೆ ಮುಟ್ಟದ ಗೋಡೆ. ಆಕಡೆಯವರು ಕೆಮ್ಮಿದರೂ ಈಕಡೆ ಕೇಳುತ್ತದೆ. ಹಾಡಿದರೆ ಕೇಳದೇ ಇರುತ್ತದೆಯೇ?

ಹಾಡಿದ್ದು ಚಿಹಾರು. ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದು ಸೇರಿದವಳು. “ಯಾವಾಗಮ್ಮಾ ವಾಪಸ್ ಹೋಗೋದು?” ಎಂದು ತೊಟ್ಟಿಯಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಅವಳು ಹಾಡಲು ಶುರುಮಾಡುತ್ತಿದ್ದಳು. ಹಾಡುವವಳನ್ನು ಯಾರು ತಾನೇ ಪ್ರಶ್ನೆ ಕೇಳುತ್ತಾರೆ?

‘ರು’ವಿನಿಂದ ಶುರುವಾಗುವ ಹಾಡುಗಳು ಬಲು ಕಡಿಮೆ. ಚಿಕ್ಕಂದಿನಲ್ಲಿ ಹಾಡಿನ ಅಂತ್ಯಾಕ್ಷರಿ ಆಡುವಾಗ ಓರಗೆಯ ಹುಡುಗನೊಬ್ಬ ಪ್ರತಿ ಸಲವೂ ‘ರು’ವಿಗೇ ತಂದು ನಿಲ್ಲಿಸಿ ಅವಳನ್ನು ಸೋಲಿಸುತ್ತಿದ್ದ. ಹಟಕ್ಕೆ ಬಿದ್ದ ಹುಡುಗಿ ಸಿಕ್ಕ ಸಿಕ್ಕ ‘ರು’ ಹಾಡನ್ನೆಲ್ಲ ಬಾಯಿಪಾಠ ಮಾಡಿಟ್ಟಿದ್ದಳು.

“ಬೇರೆದೂ ಬರುತ್ತೆ. ನಿಮಗೆ ರು ಬರುತ್ತಾ ಹೇಳಿ?” ಎಂದಳು ಚಿಹಾರು, ಗೋಡೆಯ ಕಡೆ ಮುಖ ಎತ್ತಿ.

ಆಕಡೆಯಿಂದ ಒಂದು ಹಳೆಯ ಹಾಡು ಎದ್ದಿತು. ಶ್ರುತಿ ಅಷ್ಟಕ್ಕಷ್ಟೇ... ಆದರೆ ‘ರು’ವಿನದೇ ಹಾಡು!

“ಸೋತೋರು ಗೆದ್ದೋರಿಗೆ ಸ್ನಾನ ಆದ್ಮೇಲೆ ತಣ್ಣನೆ ಹಾಲು ಕೊಡಿಸ್ಬೇಕು,” ಎಂದು ಫುಕು ಅಜ್ಜಿ ತೀರ್ಪು ಕೊಟ್ಟೇಬಿಟ್ಟಳು. ಬಾಗಿಲ ಬಳಿಯ ಎತ್ತರದ ಕಟ್ಟೆಯ ಮೇಲೆ ಕೂತು ಕಾಸು ತೆಗೆದುಕೊಳ್ಳುತ್ತ ಎರಡೂ ಕಡೆಯವರನ್ನು ನೋಡಬಲ್ಲವಳು ಅವಳೊಬ್ಬಳೇ.

ಆ ಸಂಜೆ ಹಾಲು ಕೊಡಿಸಿದ್ದು ಅವನು. ಹೆಸರು ಕುನಿಹಿಕೊ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ. ಬೆರಳಿಗೆಲ್ಲ ಪಟ್ಟಿ, ಕೊರಳಲ್ಲಿ ಒದ್ದೆ ಟವೆಲ್ಲು.

“ನಾಳೆ ನಾನು ಗೆಲ್ತೀನಿ,” ಎಂದ.

“ಮೊದಲು ಶ್ರುತಿ ಹಿಡಿಯೋದು ಕಲೀರಿ.”

ಅವನು ನಕ್ಕ. ಗಂಡನ ಬಗ್ಗೆ ಕೇಳಲಿಲ್ಲ, ಬಿಟ್ಟುಬಂದದ್ದೇಕೆ ಎಂದೂ ಕೇಳಲಿಲ್ಲ. ‘ಇಡೀ ಬೀದಿಯಲ್ಲಿ ಇವನೊಬ್ಬ ಕೇಳಲಿಲ್ಲ,’ ಎಂದುಕೊಂಡಳು ಚಿಹಾರು. ಎದೆ ಯಾಕೋ ಹಗುರವಾಗಿತ್ತು.

ಹೇಳುವಂಥದ್ದಾದರೂ ಏನಿತ್ತು? ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಸೊಸೆಯ ದನಿ ಅಡುಗೆಮನೆ ದಾಟಬಾರದು ಎನ್ನುವ ಅತ್ತೆ, ಅವಳು ಗುನುಗಿದರೆ ಟಿ.ವಿ. ಜೋರು ಮಾಡುವ ಗಂಡ. ಅಷ್ಟೇ. ಒಂದು ಬೆಳಿಗ್ಗೆ ಹಾಡೋಣವೆಂದು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಆ ವಾರವೇ ಹೊರಟು ಬಂದಳು. ವಿಚ್ಛೇದನವೂ ಆಯಿತು. ಇದನ್ನೆಲ್ಲ ಜನ ಕಾರಣ ಎಂದು ಒಪ್ಪುತ್ತಾರೆಯೇ? ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ.

ದಿನಾ ಸಂಜೆ ಹಾಡಿನ ಜಗಳ ನಡೆಯಿತು. ‘ರು’ ಹಾಡುಗಳು ಬೇಗನೆ ಮುಗಿದುಹೋದವು. ಆಗ ಕುನಿಹಿಕೊ ‘ರು’ವಿನಿಂದಲೇ ಶುರುವಾಗುವ ಒಂದನ್ನು ತಾನೇ ಕಟ್ಟಿ ಹಾಡಿದ. ಮನೆ ಕಾಯುವ ಬೆಕ್ಕೊಂದು ಇದ್ದಬದ್ದ ಮೀನನ್ನೆಲ್ಲ ತಿಂದು ಮುಗಿಸಿದ ಹಾಡು. ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು.

“ಇದು ಮೋಸ ಕಣ್ರೀ,” ಎಂದು ಕೂಗಿದಳು ಚಿಹಾರು.

“ಸ್ವಂತದ್ದು ಹಾಡಬಾರ್ದು ಅಂತ ಯಾರು ಹೇಳಿದ್ರು?”

ಆಮೇಲೊಂದು ದಿನ ಅವಳು ಹಾಡಿದರೆ ಆಕಡೆಯಿಂದ ಉತ್ತರವೇ ಬರಲಿಲ್ಲ.

ಮರುದಿನವೂ ಇಲ್ಲ. ಬಾಗಿಲ ಬಳಿ ಎದುರಾದಾಗ ಕುನಿಹಿಕೊ ತಲೆ ಬಾಗಿಸಿ, ಕಣ್ಣು ತಪ್ಪಿಸಿ ಹೊರಟುಹೋದ.

‘ಓ... ಯಾರೋ ಕಿವಿ ಊದಿದ್ದಾರೆ. ಗಂಡ ಬಿಟ್ಟವಳ ಸಹವಾಸ ಯಾಕೆ ಅಂದಿರಬೇಕು. ಇವನೂ ಅಷ್ಟೇ.’

ಸಿಟ್ಟು ಬಂತು. ಅಳುವೂ ಬಂತು. ಆದರೂ ಸ್ನಾನಕ್ಕೆ ಬರುವುದನ್ನು ಬಿಡಲಿಲ್ಲ, ಹಾಡುವುದನ್ನೂ ಬಿಡಲಿಲ್ಲ.

ಕೊನೆಗೆ ಫುಕು ಅಜ್ಜಿಗೇ ತಡೆಯಲಾಗಲಿಲ್ಲ. “ಯಾರ ಮೇಲೆ ಹಲ್ಲು ಕಡೀತಿದೀಯೇ ಹುಡುಗಿ? ನಿಮ್ಮಮ್ಮ ಸಿಹಿ ಡಬ್ಬಿ ಹಿಡ್ಕೊಂಡು ಅವನ ಅಂಗಡಿಗೆ ಹೋಗಿದ್ಲು. ಮನೆಗೆ ಹೋಗಿ ಕೇಳು.”

ಕೇಳಿದಳು. ತಾಯಿ ಮುಚ್ಚಿಡಲಿಲ್ಲ.

“ನಿನ್ನ ಅತ್ತೆಮನೆಯೋರು ಮತ್ತೆ ಸೇರಿಸ್ಕೋತೀವಿ ಅಂದಿದಾರೆ. ಭಾನುವಾರ ಬರ್ತಾರೆ. ಅಷ್ಟರೊಳಗೆ ನಿನ್ನ ಹೆಸರು ಬೀದಿ ಬಾಯಿಗೆ ಬೀಳೋದು ಬೇಡ, ಹಾಡು ನಿಲ್ಸಿ ಅನ್ನೋಕೆ ಹೋಗಿದ್ದೆ.”

“ನಾನು ಹೋಗಲ್ಲ ಅಮ್ಮಾ.”

“ನನ್ನ ಕಾಲ ಆದ್ಮೇಲೆ ನಿನಗೆ ಯಾರಿದಾರೆ ಹೇಳು?”

ಚಿಹಾರು ಚಪ್ಪಲಿ ಮೆಟ್ಟಿ ನೆಟ್ಟಗೆ ಗಾಜಿನ ಅಂಗಡಿಗೆ ನಡೆದಳು.

“ಒಂದು ಡಬ್ಬಿ ಸಿಹಿ ಕೊಟ್ಟಿದ್ದಕ್ಕೆ ಬಾಯಿ ಮುಚ್ಕೊಂಡ್ರಾ?”

ಕುನಿಹಿಕೊ ಕೈಯಲ್ಲಿದ್ದ ಗಾಜನ್ನು ಮೆಲ್ಲಗೆ ಕೆಳಗಿಟ್ಟ. “ಡಬ್ಬಿ ಬಿಚ್ಚೇ ಇಲ್ಲ. ಇದು ನಿಮ್ಮದೇ ಇಷ್ಟ, ನೀವೇ ಹೇಳಿ ಕಳಿಸಿದ್ದು ಅಂದ್ರು ನಿಮ್ಮಮ್ಮ. ನಿಮಗೇ ಬೇಡ ಅಂದ್ರೆ ನಾನು ಹೇಗೆ ಹಾಡ್ಲಿ?”

“ನನ್ನ ಮಾತು ಹೇಳೋಕೆ ನನಗೆ ಬಾಯಿಲ್ವಾ? ಬಂದು ಕೇಳೋಕೆ ನಿಮಗೇನಾಗಿತ್ತು?”

“ಭಯ...” ಎಂದ ಅವನು. “ನೀವು ಹೌದು ಅಂದ್ಬಿಟ್ರೆ ಅಂತ ಭಯ.”

ಕೋಪ ಮಾಡಿಕೊಳ್ಳಲೆಂದೇ ಬಂದಿದ್ದಳು. ಆದರೆ ಆ ಮಾತಿಗೆ ಅದು ಕರಗಿಹೋಯಿತು. ‘ಇಷ್ಟು ದೊಡ್ಡ ಗಂಡಸಿಗೆ ನನ್ನ ಒಂದು ಮಾತಿನ ಭಯವೇ...’

“ಭಾನುವಾರ ಸಂಜೆ ಸ್ನಾನಕ್ಕೆ ಬನ್ನಿ,” ಎಂದಷ್ಟೇ ಹೇಳಿ ತಿರುಗಿದಳು.

ಭಾನುವಾರ ಸ್ನಾನದ ಮನೆ ಕಿಕ್ಕಿರಿದಿತ್ತು. ಚಿಹಾರು ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿರುವಾಗ, ಬಟ್ಟೆ ಬಿಚ್ಚುವ ಕೋಣೆಯ ಬಾಗಿಲು ಸರಿಯಿತು. ಅಲ್ಲಿ ಅವಳ ತಾಯಿ ನಿಂತಿದ್ದಳು, ಅತಿಥಿಗಳು ಬಂದಾಗ ಮಾತ್ರ ಉಡುವ ಕಿಮೊನೊದಲ್ಲಿ.

“ಅವರು ಬಂದು ಕೂತಿದಾರೆ. ಏಳು.”

ಎಲ್ಲರ ಕಣ್ಣೂ ತನ್ನ ಮೇಲಿದೆ ಎಂದು ಚಿಹಾರುಗೆ ಗೊತ್ತು. ಆದರೂ ಏಳಲಿಲ್ಲ. ಹಾಡಿದಳು. ‘ರು’ವಿನದೇ ಹಾಡು, ಅವಳೇ ಕಟ್ಟಿದ್ದು. ಹೆಸರು ‘ರುಸು’. ಎಂದರೆ, ಮನೆಯಲ್ಲಿಲ್ಲ.

ಬಾಗಿಲು ತಟ್ಟುವವರೇ, ಅವಳು ಮನೆಯಲ್ಲಿಲ್ಲ,
ಬಾಯಿ ಹೊಲಿದುಕೊಂಡು ಅನ್ನ ಬಡಿಸಿದವಳು ಮನೆಯಲ್ಲಿಲ್ಲ,
ಕಾಯಬೇಡಿ, ಚಹಾ ಆರುತ್ತದೆ,
ಅವಳು ಇನ್ನು ಯಾವತ್ತೂ ಆ ಮನೆಯಲ್ಲಿಲ್ಲ.

ಹಾಡು ಮುಗಿಯಿತು. ಗೋಡೆಯಾಚೆಯಿಂದ ಮರುಹಾಡು ಬರಲಿಲ್ಲ.

‘ಬಂದಿಲ್ಲವಾ? ಮತ್ತೆ ಹೆದರಿದನಾ?’

ಹೆದರಿದ್ದರೆ ಹೆದರಲಿ, ತಾನು ಹೆದರುವುದಿಲ್ಲ. ಅವಳು ಎದ್ದು ನಿಂತು ಗೋಡೆಗೆ ಮುಖ ಮಾಡಿ ಕೂಗಿದಳು.

“ಕುನಿಹಿಕೊ ಅವ್ರೇ, ನಾನು ಹೊರಡ್ತಾ ಇದೀನಿ. ನಿಮ್ದಾಯ್ತಾ?”

ಯಾರದೋ ಕೈಯಿಂದ ಬೋಗುಣಿ ಜಾರಿತು. ಜಾರದೆ ಏನು ಮಾಡುತ್ತದೆ? ಈ ಬೀದಿಯಲ್ಲಿ ಹಾಗೆ ಕೂಗುವುದು ಹೆಂಡತಿಯರು, ಗಂಡಂದಿರಿಗೆ. ಇಬ್ಬರೂ ಒಟ್ಟಿಗೆ ಹೊರಬಂದು ಜೊತೆಯಲ್ಲಿ ಮನೆಗೆ ಹೋಗಲೆಂದು.

ಗೋಡೆಯಾಚೆಯಿಂದ ಕುನಿಹಿಕೊನ ಅವಸರದ ದನಿ ಬಂತು.

“ಮೈಮೇಲೆ ಸೋಪಿದೆ. ಒಂದು ಚೂರು ನಿಲ್ಲಿ... ಬಿಟ್ಟು ಹೋಗ್ಬೇಡಿ.”

ಎರಡೂ ಕಡೆ ನಗು ಸ್ಫೋಟಿಸಿತು. ಚಿಹಾರು ಮಾತ್ರ ಅಳುತ್ತಿದ್ದಳು.

ತಾಯಿ ಬಾಗಿಲಲ್ಲಿ ನಿಂತೇ ಇದ್ದಳು. ಒದ್ದೆ ಮೈಯಲ್ಲಿ ಹೊರಬಂದ ಮಗಳನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಆಮೇಲೆ ಟವೆಲ್ಲು ಕೊಡವಿ ಅವಳ ತಲೆಯ ಮೇಲೆ ಹಾಕಿದಳು.

“ಕೂದಲು ಸರಿಯಾಗಿ ಒರೆಸ್ಕೋ, ನೆಗಡಿ ಆಗುತ್ತೆ. ನಾನು ಹೋಗಿ ಅವರಿಗೆ ಹೇಳ್ತೀನಿ.”

“ಏನಂತ ಹೇಳ್ತೀಯಾ ಅಮ್ಮಾ?”

“ಮನೇಲಿಲ್ಲ ಅಂತ.”

ಹೊರಗೆ ಕುನಿಹಿಕೊ ಕಾಯುತ್ತಿದ್ದ. ಕಿವಿಯ ಹಿಂದೆ ಇನ್ನೂ ನೊರೆ ಉಳಿದಿತ್ತು. ಚಿಹಾರು ಕೈ ಚಾಚಿ ಅದನ್ನು ಒರೆಸಿದಳು.

“ನಿಮಗೆ ಒಂದು ಮಾತು ಹೇಳ್ಬೇಕಿತ್ತು,” ಎಂದು ತಗ್ಗಿದ ದನಿಯಲ್ಲಿ ಅವನೆಂದ. “ಗೋಡೆ ಇಲ್ಲದ ಕಡೆ ಹೇಳೋಣ ಅಂತ ಇಟ್ಕೊಂಡಿದ್ದೆ. ನೀವಂದ್ರೆ ನಂಗೆ ಪ್ರಾಣ.”

“ಕೇಳಿಸ್ಲಿಲ್ಲ. ಜೋರಾಗಿ ಹೇಳಿ.”

“ಬೀದೀಲಾ?”

“ಬೀದೀಲೇ.”

ಅವನು ಅತ್ತಿತ್ತ ನೋಡಿದ. ಉಸಿರೆಳೆದುಕೊಂಡು, ಬೀದಿಗೆಲ್ಲ ಕೇಳುವಂತೆ ಅದೇ ಮಾತು ಹೇಳಿದ.