ನಾಲ್ಕನೇ ಮೆಷಿನ್

ಕಂಪ್ಯೂಟರ್ ಸೆಂಟರಿನಲ್ಲಿ ಇದ್ದದ್ದು ಆರೇ ಮೆಷಿನ್, ವೆಬ್ ಪುಟ ಮಾಡೋದು ಕಲಿಯೋಕೆ ಬಂದವರು ಹನ್ನೆರಡು ಜನ. ಹಾಗಾಗಿ ಒಂದೊಂದಕ್ಕೆ ಇಬ್ಬಿಬ್ಬರು. ಸರ್ ಹಾಜರಿ ಪುಸ್ತಕ ಹಿಡಿದು ಜೋಡಿ ಮಾಡುತ್ತಾ ಬಂದರು. ಕೊನೆಗೆ ಉಳಿದವರು ಇಬ್ಬರು: ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಇವಳು, ಬಾಗಿಲ ಪಕ್ಕ ಗೋಡೆಗಂಟಿಕೊಂಡು ನಿಂತಿದ್ದ ಕ್ಯಾಂಟೀನಿನ ಅಡುಗೆಯವನು. "ಟೈಲರಮ್ಮ, ಅಡುಗೆಯವರು, ನಾಲ್ಕನೇ ಮೆಷಿನ್" ಅಂದುಬಿಟ್ಟರು ಸರ್. ಅವತ್ತಿನಿಂದ ಆ ಕೋಣೆಯಲ್ಲಿ ಇಬ್ಬರಿಗೂ ಅದೇ ಹೆಸರು ಗಟ್ಟಿಯಾಯಿತು.

ಅವಳಿಗೆ ಮೈಯೆಲ್ಲ ಉರಿಯಿತು. ತನಗೇ ಏನೂ ಬರಲ್ಲ, ಜೊತೆಗೆ ಸೌಟು ಹಿಡಿಯೋನು ಬೇರೆ ಗಂಟುಬಿದ್ದ. ಅಣ್ಣನ ಮನೆಯ ಕಿಟಕಿ ಪಕ್ಕ ಕೂತು ಹೊಲಿದು ಹೊಲಿದು ಮೂವತ್ತೆರಡು ವಯಸ್ಸಾಗಿತ್ತು. ತಾನು ಹೊಲಿದದ್ದನ್ನೆಲ್ಲ ಒಂದು ವೆಬ್ ಪುಟದಲ್ಲಿ ಹಾಕಿದರೆ ನಾಲ್ಕು ಜನ ನೋಡಿಯಾರು, ತನ್ನ ಕಾಲ ಮೇಲೆ ತಾನು ನಿಂತೇನು ಅಂತ ಆಸೆ ಇಟ್ಟುಕೊಂಡು ಬಂದವಳು ಅವಳು.

"ಮೌಸ್ ನೀವು ಹಿಡೀತೀರೋ, ನಾನೋ?" ಅಂತ ಬಿರುಸಾಗೇ ಕೇಳಿದಳು.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. "ನೀ... ನೀ..." ಅಂತ ಅಲ್ಲೇ ಸಿಕ್ಕಿಕೊಂಡು ಕತ್ತಿನವರೆಗೂ ಕೆಂಪಾದ. ಆಮೇಲೆ ಪೆನ್ಸಿಲ್ ತೆಗೆದು ಅವಳ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದ: ನೀವು ಟೈಪ್ ಮಾಡಿ, ಮೌಸ್ ನಾನು ಹಿಡೀತೀನಿ.

ಅವಳು ಆ ಅಕ್ಷರಗಳನ್ನೇ ನೋಡುತ್ತಾ ಕೂತಳು. ಅಬ್ಬಾ, ಏನು ದುಂಡಗಿನ ಅಕ್ಷರ! ಅಳತೆ ಇಟ್ಟು ಕತ್ತರಿಸಿದ ಹಾಗೆ. ಕ್ಯಾಂಟೀನಿನ ಬೋರ್ಡಿನ ಮೇಲೆ ದಿನಾ ತಿಂಡಿಯ ಪಟ್ಟಿ ಬರೆಯೋನು ಅವನೇ ಅಂತ ಆಮೇಲೆ ಗೊತ್ತಾಯಿತು. ಅದೇ ಪಟ್ಟಿಯನ್ನು ಇಂಟರ್ನೆಟ್ಟಿಗೂ ಹಾಕಲಿ ಅಂತ ಮಾಲೀಕರು ಅವನನ್ನು ಕ್ಲಾಸಿಗೆ ಅಟ್ಟಿದ್ದರು.

ಅವಳಿಗೆ ಸಿಟ್ಟು ಇಳಿಯಿತು. ನಾಚಿಕೆಯೂ ಆಯಿತು.

ದಿನ ಕಳೆದ ಹಾಗೆ ಪಾಠ ತಲೆಗೆ ಹತ್ತಿತು. ಪುಟ ಬರೆಯುವಾಗ ತೆರೆದ ಟ್ಯಾಗನ್ನು, ಅಂದರೆ ಕೋಡಿನ ಗುರುತನ್ನು, ಮುಚ್ಚಲೇಬೇಕು ಅಂತ ಸರ್ ಬಡಕೊಳ್ಳುತ್ತಿದ್ದರು, ಇವಳು ಮರೆಯುತ್ತಿದ್ದಳು. ಅವನು ಏನೂ ಅನ್ನದೆ ನೋಟ್‌ಬುಕ್ಕಿನ ಅಂಚಿನಲ್ಲಿ 'ಮುಚ್ಚಳ' ಅಂತ ಬರೆದು ಮೊಣಕೈಯಿಂದ ಮೆಲ್ಲಗೆ ತಳ್ಳುತ್ತಿದ್ದ. ಅವನು ಮರೆತ ದಿನ ಇವಳು "ಗಂಟು ಹಾಕದೆ ದಾರ ಬಿಟ್ಟಿದ್ದೀರಲ್ಲ, ಬಿಚ್ಚಿಹೋಗುತ್ತೆ" ಅಂತ ಛೇಡಿಸುತ್ತಿದ್ದಳು. ಅವನು ತುಟಿ ಬಿಗಿಹಿಡಿದು ನಗು ತಡೆದುಕೊಳ್ಳುವಾಗ ಬಲಗೆನ್ನೆಯ ಮೇಲೆ ಸಣ್ಣ ಗುಳಿ ಬೀಳುತ್ತಿತ್ತು. ಅದನ್ನು ನೋಡೋಕೆ ಅಂತಲೇ ಅವಳು ಎಷ್ಟೋ ಸಲ ಬೇಕಂತ ತಪ್ಪು ಮಾಡಿದ್ದುಂಟು.

ಆ ಕ್ಲಾಸಿಗೆ ಒಂದು ಕಟ್ಟುಪಾಡಿತ್ತು. ಜೋಡಿಯಲ್ಲಿ ಒಬ್ಬರು ಪುಟವನ್ನು ಇಂಟರ್ನೆಟ್ಟಿಗೆ ಏರಿಸಿದ ಮೇಲೆ ಇನ್ನೊಬ್ಬರು ಎದುರು ಗೋಡೆಯ ಮೆಷಿನ್ನಿಗೆ ಹೋಗಿ, ಅಲ್ಲಿ ಅದನ್ನು ತೆರೆದು, ಎಲ್ಲರಿಗೂ ಕೇಳೋ ಹಾಗೆ "ಕಾಣ್ತಾ ಇದೆ" ಅನ್ನಬೇಕು. ಅಲ್ಲಿಯವರೆಗೆ ಪುಟ ಮುಗಿದ ಲೆಕ್ಕ ಅಲ್ಲ. ತಮ್ಮ ಮೆಷಿನ್ನಿನಲ್ಲಿ ಎಲ್ಲರದ್ದೂ ಚೆನ್ನಾಗೇ ಕಾಣುತ್ತೆ, ಇನ್ನೊಬ್ಬರಿಗೆ ಕಾಣಬೇಕು ಅನ್ನೋದು ಸರ್ ವಾದ.

ಮೊದಲ ಸಲ ಅವನು ಎದ್ದು ಹೋಗಿ ನಿಂತಾಗ "ಕಾ... ಕಾ..." ಅನ್ನುವಷ್ಟರಲ್ಲಿ ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಅವಳು ತಿರುಗಿ ಅವರನ್ನು ದುರುಗುಟ್ಟಿ ನೋಡಿದಳು. ಅವನು ವಾಪಸ್ ಬಂದು ಕೂತ ಮೇಲೆ ಮೆಲ್ಲಗೆ ಹೇಳಿದಳು, "ಇನ್ನು ಮೇಲೆ ಕೈ ಎತ್ತಿ ಸಾಕು. ನನಗೆ ಗೊತ್ತಾಗುತ್ತೆ."

ಅಲ್ಲಿಂದ ಅವನು ಕೈ ಎತ್ತುತ್ತಿದ್ದ. ಕೋಣೆಯ ಆ ತುದಿಯಿಂದ ಎತ್ತಿದ ಕೈ, ಅದರ ಕೆಳಗೆ ಇವಳ ಕಡೆಗೆ ಒಂದು ನೋಟ.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಅವನಿಗೆ ಮಾತು ಬರತೊಡಗಿತು. ಇಬ್ಬರೂ ಪರದೆ ನೋಡುತ್ತಾ ಕೂತಿದ್ದರೆ ಇಡೀ ವಾಕ್ಯ ತಡವರಿಸದೆ ಹೇಳುತ್ತಿದ್ದ. ಮನೆಯಲ್ಲಿ ಅವಳು ಇದನ್ನೆಲ್ಲ ಒಂದು ದಿನ ಅತ್ತಿಗೆ ಹತ್ತಿರ ಹೇಳಿಕೊಂಡಾಗ ಅತ್ತಿಗೆ "ಅಂಥ ಗುಮ್ಮನಗುಸುಕನ್ನ ನಂಬಬೇಡ, ಬೇರೆ ಕಡೆ ನಿನಗೆ ಗಂಡು ನೋಡಿದ್ದೀನಿ" ಅಂದಳು. ನೋಡಿದ್ದು ಬಟ್ಟೆ ಅಂಗಡಿಯ ಯಜಮಾನನನ್ನ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು, ಮನುಷ್ಯ ಕೆಟ್ಟವನೇನಲ್ಲ. ಕ್ಲಾಸು ಮುಗಿಯಲಿ ಅಂತ ಅವಳು ಮುಂದೂಡಿದಳು.

ಪುಟದಲ್ಲಿ ಚಿತ್ರ ಕೂರಿಸೋದನ್ನು ಸರ್ ಕಲಿಸಿದ್ದು ಕೊನೇ ವಾರ. ಅಷ್ಟರಲ್ಲಿ ಅವರಿಗೆ ಜ್ವರ ಬಂತು. ಚಿತ್ರಗಳನ್ನು ಏರಿಸೋದು ಹೇಗೆ ಅನ್ನೋ ಪಾಠ ಹಾಗೇ ಉಳಿಯಿತು. ಶುಕ್ರವಾರ ಸರ್ಟಿಫಿಕೇಟ್ ಕೊಟ್ಟು ಕ್ಲಾಸು ಮುಗಿಸಿಬಿಟ್ಟರು.

ಅವತ್ತೇ ಮೆಟ್ಟಿಲ ಹತ್ತಿರ ಅವನು ಹೇಳಿದ. ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಎರಡು ವರ್ಷ, ಭಾನುವಾರ ಹೊರಡಬೇಕು.

"ಒಳ್ಳೇದಾಯ್ತಲ್ಲ" ಅಂದಳು ಅವಳು. ಹಾಳು ನಾಲಿಗೆ, ಆ ಹೊತ್ತಿಗೆ ಅದೇ ಬರಬೇಕಿತ್ತೇ!

ಅವನು ಚೀಟಿಯೊಂದನ್ನು ಅವಳ ಕೈಗಿಟ್ಟ. ಅದರಲ್ಲಿ ಒಂದು ಪುಟದ ವಿಳಾಸವಿತ್ತು. "ನಿ... ನಿಮಗೆ ಅಂತ ಮಾಡಿದ್ದು. ನಾಳೆ ನೋಡಿ. ಬಾಯಲ್ಲಿ ಹೇಳೋಕೆ ನನ್ನಿಂದ ಆಗಲ್ಲ." ಅಷ್ಟಂದು ಮೆಟ್ಟಿಲಿಳಿದು ಹೋದ.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಮೂಲೆಯ ಇಂಟರ್ನೆಟ್ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದಳು. ವಿಳಾಸವನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದಳು.

ಪುಟ ತೆರೆಯಿತು. ಮೇಲೆ ನೀಲಿ ಬಣ್ಣದಲ್ಲಿ 'ಟೈಲರಮ್ಮನವರಿಗೆ' ಅಂತಿತ್ತು. ಅದರ ಕೆಳಗೆ ಒಂದು ಖಾಲಿ ಚೌಕ. ಚೌಕದ ಮೂಲೆಯಲ್ಲಿ ಹರಿದ ಚಿತ್ರದಂಥ ಒಂದು ಸಣ್ಣ ಗುರುತು. ಪುಟದ ಬುಡದಲ್ಲಿ, ಎಷ್ಟು ಸಲ ತೆರೆದಿದ್ದಾರೆ ಅಂತ ಎಣಿಸೋ ಕೌಂಟರ್. ಅದರಲ್ಲಿ 1 ಅಂತಿತ್ತು. ಇಷ್ಟೇ.

ಇನ್ನೊಮ್ಮೆ ತೆರೆದಳು, 2 ಆಯಿತು. ಮತ್ತೊಮ್ಮೆ ತೆರೆದಳು, 3 ಆಯಿತು. ಚೌಕ ಖಾಲಿಯೇ ಇತ್ತು.

ಬರೆದು ಅಳಿಸಿದ್ದಾನೆ ಅಂದುಕೊಂಡಳು. ರಾತ್ರಿ ಕೂತು ಯೋಚನೆ ಮಾಡಿ, ಬೇಡ ಅನ್ನಿಸಿ, ತೆಗೆದುಬಿಟ್ಟಿದ್ದಾನೆ. ಅವನಿಗೆ ಫೋನ್ ಅಂದರೇ ಭಯ, ಆದ್ದರಿಂದ ನಂಬರ್ ಕೇಳಿಯೂ ಇರಲಿಲ್ಲ. ಮಧ್ಯಾಹ್ನ ಸುಮ್ಮನೆ ಕ್ಯಾಂಟೀನಿನ ಮುಂದೆ ಹಾದುಹೋದಳು. ಬೋರ್ಡಿನ ಮೇಲೆ ಬೇರೆ ಯಾರದ್ದೋ ಸೊಟ್ಟ ಅಕ್ಷರ ಇತ್ತು. ಒಳಗೆ ಹೋಗಿ ಕೇಳೋಕೆ ಸ್ವಾಭಿಮಾನ ಬಿಡಲಿಲ್ಲ. ಭಾನುವಾರ ಬೆಳಿಗ್ಗೆಯಿಡೀ ಹೊಲಿಗೆ ಮೆಷಿನ್ ತುಳಿಯುತ್ತಾ ಕೂತಳು. ಹತ್ತು ಗಂಟೆ ಆಯಿತು, ಹನ್ನೊಂದಾಯಿತು, ಅವಳು ತಲೆ ಎತ್ತಲಿಲ್ಲ.

ನಾಲ್ಕು ತಿಂಗಳು ಹಾಗೇ ಕಳೆದವು. ಊಟ ಮಾಡಿದಳು, ಹೊಲಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತನ್ನ ಉಡುಪುಗಳ ಪುಟ ಮಾಡುವ ಆಸೆಯೇ ಸತ್ತುಹೋಗಿತ್ತು. ಬಟ್ಟೆ ಅಂಗಡಿಯವರು ಎಷ್ಟು ದಿನ ಕಾಯ್ತಾರೆ ಅಂತ ಅಣ್ಣ ಕೇಳಿದಾಗ, ಸೋಮವಾರ ಹೇಳ್ತೀನಿ ಅಂದಳು. ಹೂಂ ಅನ್ನೋದು ಅಂತ ಮನಸ್ಸಿನಲ್ಲಿ ಆಗಿಹೋಗಿತ್ತು.

ಆ ಶನಿವಾರ ಸೆಂಟರಿನ ಸರ್ ಹೇಳಿಕಳಿಸಿದರು. ಬಿಸಿಲು ಪರದೆಗಳ ಮೇಲೆ ಬೀಳುತ್ತೆ, ಕಿಟಕಿಗೆ ಕರ್ಟನ್ ಹೊಲಿದುಕೊಡಬೇಕಂತೆ. ಅವಳು ಟೇಪು ಹಿಡಿದು ಹೋದಳು. ಹೊಸ ಬ್ಯಾಚಿನವರು ಕೂತಿದ್ದರು. ನಾಲ್ಕನೇ ಮೆಷಿನ್ ಮಾತ್ರ ಖಾಲಿ ಇತ್ತು. ಅವಳು ಅತ್ತ ನೋಡದೆ ಸ್ಟೂಲ್ ಹತ್ತಿ ಕಿಟಕಿಯ ಅಗಲ ಅಳೆಯತೊಡಗಿದಳು.

ಹಿಂದೆ ಸರ್ ಪಾಠ ನಡೆದಿತ್ತು. "ಪುಟದೊಳಗೆ ಚಿತ್ರ ಇರೋದಿಲ್ಲ. ಚಿತ್ರ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಇರುತ್ತೆ. ಪುಟ ಏರಿಸಿ ಚಿತ್ರಾನ ನಿಮ್ಮ ಮೆಷಿನ್ನಿನಲ್ಲೇ ಬಿಟ್ಟರೆ, ಇಲ್ಲಿರೋ ಪ್ರತಿಯಲ್ಲಿ ನಿಮಗೆ ಚೆನ್ನಾಗೇ ಕಾಣುತ್ತೆ. ಇಂಟರ್ನೆಟ್ಟಿನಲ್ಲಿ ತೆರೆದವರಿಗೆ ಕಾಣೋದು ಇದು." ಸರ್ ಎದುರಿನ ಪರದೆಯಲ್ಲಿ ತೋರಿಸಿದರು. ಅವಳು ತಿರುಗಿ ನೋಡಿದಳು.

ಒಂದು ಖಾಲಿ ಚೌಕ. ಮೂಲೆಯಲ್ಲಿ ಹರಿದ ಚಿತ್ರದಂಥ ಸಣ್ಣ ಗುರುತು.

"ಹೋದ ಬ್ಯಾಚಿಗೆ ಇದನ್ನ ಹೇಳೋಕೇ ಆಗಲಿಲ್ಲ, ಜ್ವರ ಬಂದುಬಿಡ್ತು" ಅಂತ ಸರ್ ತಮ್ಮಷ್ಟಕ್ಕೆ ಅಂದರು. ಟೇಪು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಕರ್ಟನ್ ಅಳತೆ ಅಲ್ಲಿಗೇ ನಿಂತಿತು. ಸ್ಟೂಲಿನಿಂದ ಇಳಿದವಳೇ ಸರ್ ಅನ್ನು ಐದೇ ನಿಮಿಷ ಅಂತ ಕೇಳಿ ನಾಲ್ಕನೇ ಮೆಷಿನ್ನಿನ ಮುಂದೆ ಕೂತಳು. ಬಾಯಿಪಾಠವಾಗಿದ್ದ ವಿಳಾಸ ಹಾಕಿ ಪುಟ ತೆರೆದಳು, ಅದೇ ಖಾಲಿ ಚೌಕ. ಅವನ ಪಕ್ಕ ಕೂತು ಕಲಿತ ಹಾಗೇ, ಪುಟದ ಹಿಂದಿನ ಟ್ಯಾಗುಗಳ ಬರಹ ತೆಗೆದು ನೋಡಿದಳು. ಚಿತ್ರದ ವಿಳಾಸ ಸಿಕ್ಕಿತು: ಇದೇ ಮೆಷಿನ್, ಡಿ ಡ್ರೈವ್, 'ನಾಲ್ಕು' ಅನ್ನೋ ಫೋಲ್ಡರ್, ಅದರೊಳಗೆ 'ಕಾಗದ'. ಹಳೇ ಫೋಲ್ಡರುಗಳನ್ನು ಅಳಿಸಬೇಕು ಅಂತ ಸರ್ ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದರಂತೆ. ಅವರ ಸೋಮಾರಿತನಕ್ಕೆ ಅವಳು ಆಮೇಲೆ ಎಷ್ಟು ಸಲ ಕೈ ಮುಗಿದಳೋ.

ಫೈಲ್ ತೆರೆಯಿತು. ಕೈಬರಹದ ಫೋಟೊ. ದುಂಡಗಿನ ಅಕ್ಷರ.

"ಟೈಲರಮ್ಮನವರೇ, ಬಾಯಲ್ಲಿ ಹೇಳೋಕೆ ಹೋದ್ರೆ ಭಾನುವಾರ ಆಗಿಬಿಡುತ್ತೆ, ಅದಕ್ಕೆ ಬರೀತಿದ್ದೀನಿ. ನಿಮ್ಮ ಪಕ್ಕ ಕೂತಾಗ ನನ್ನ ಮಾತು ಸಿಕ್ಕಿಕೊಳ್ಳಲ್ಲ. ಬೇರೆ ಯಾರ ಹತ್ತಿರಾನೂ ಹೀಗೆ ಆಗಿಲ್ಲ. ನೀವಂದ್ರೆ ನನಗೆ ತುಂಬ ಇಷ್ಟ. ಭಾನುವಾರ ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಇರ್ತೀನಿ. ನೀವು ಬಂದ್ರೆ ಹಡಗಿಗೆ ಹೋಗಲ್ಲ, ಇಲ್ಲೇ ಇರ್ತೀನಿ. ಬರದಿದ್ರೆ ಅದೇ ಉತ್ತರ ಅಂದ್ಕೋತೀನಿ, ಮತ್ತೆ ತೊಂದರೆ ಕೊಡಲ್ಲ. ಈ ಪುಟ ಮಾತ್ರ ಅಳಿಸಲ್ಲ. ಎಲ್ಲಾದ್ರೂ ದಡ ಸಿಕ್ಕಿ, ಧೈರ್ಯ ಬಂದ ದಿನ ತೆರೆದು ನೋಡ್ತೀನಿ."

ಕೌಂಟರಿನಲ್ಲಿ ಅವತ್ತು 1 ಅಂತ ಯಾಕಿತ್ತು ಅನ್ನೋದು ಈಗ ಅರ್ಥವಾಯಿತು. ಈ ಪುಟವನ್ನು ಇನ್ನೊಂದು ಮೆಷಿನ್ನಿನಲ್ಲಿ ಯಾರೂ ತೆರೆದು ನೋಡಿರಲಿಲ್ಲ. ನೋಡಿ ಕೈ ಎತ್ತೋ ಜೋಡಿ ಅವಳೇ, ಅವಳನ್ನೇ ಕರೆದು ಹೇಗೆ ತೋರಿಸುತ್ತಾನೆ? ಬೇರೆಯವರಿಗೆ ತೋರಿಸೋಕೆ ನಾಚಿಕೆ. ತನ್ನ ಮೆಷಿನ್ನಿನಲ್ಲಿ ನೋಡಿದ, ಕಾಣಿಸಿತು, ಏರಿಸಿಬಿಟ್ಟ. ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ದಾರಿ ನೋಡಿದ. ಆ ಹೊತ್ತಿಗೆ ಅವಳು ಯಾರದ್ದೋ ರವಿಕೆಯ ತೋಳು ಹೊಲಿಯುತ್ತಿದ್ದಳು. ಹೊಸ ಬ್ಯಾಚಿನವರೆಲ್ಲ ನೋಡುತ್ತಿದ್ದರೂ ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಸಾಕಷ್ಟು ಅತ್ತ ಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಪುಟ ಏರಿಸೋಕೆ ನಾಲ್ಕನೇ ಮೆಷಿನ್ನಿನ ಜೋಡಿಗೆ ಕೊಟ್ಟಿದ್ದ ಪಾಸ್‌ವರ್ಡ್ ಇಬ್ಬರಿಗೂ ಒಂದೇ, ಮರೆತಿರಲಿಲ್ಲ. ಚಿತ್ರವನ್ನು ಏರಿಸಿದಳು, ವಿಳಾಸ ತಿದ್ದಿದಳು. ಕಾಗದದ ಕೆಳಗೆ ತನ್ನದೊಂದು ಉತ್ತರ ಟೈಪ್ ಮಾಡಿದಳು: "ನಿಮ್ಮ ಕಾಗದ ನನಗೆ ಕಾಣಲಿಲ್ಲ. ನಾಲ್ಕು ತಿಂಗಳಾದ ಮೇಲೆ ಇವತ್ತು ಕಂಡಿತು. ನಾನು ಬರದೇ ಇದ್ದದ್ದು ಉತ್ತರ ಅಲ್ಲ. ಗೊತ್ತಿದ್ದಿದ್ರೆ ಬರ್ತಿದ್ದೆ. ಈಗಲೂ ಬರ್ತೀನಿ." ಟ್ಯಾಗ್ ಮುಚ್ಚಿದಳು. ಎದುರು ಗೋಡೆಯ ಮೆಷಿನ್ನಿಗೆ ಹೋಗಿ ತಾನೇ ತೆರೆದು ನೋಡಿದಳು.

ಅಲ್ಲಿಂದ ನೇರ ಕ್ಯಾಂಟೀನಿಗೆ ಹೋದಳು. ಯಾವ ಹಡಗೋ, ಯಾವ ಕಂಪನಿಯೋ ನನಗೇನಮ್ಮಾ ಗೊತ್ತು, ಮೊದಲೇ ಬಾಯಿ ಬಿಡದ ಮನುಷ್ಯ ಅವನು ಅಂದರು ಮಾಲೀಕರು. ಇನ್ನು ಆ ಪುಟವೊಂದೇ ದಾರಿ. ಅವನಿಗೆ ದಡ ಸಿಗಬೇಕು, ಧೈರ್ಯವೂ ಬರಬೇಕು.

ಸೋಮವಾರ ಅಣ್ಣನಿಗೆ ಆಗಲ್ಲ ಅಂದಳು. ಅಣ್ಣ ಮಾತು ಬಿಟ್ಟ. ಅತ್ತಿಗೆ ಅನ್ನ ಬಡಿಸುವಾಗ ತಡೆಯಲಾರದೆ, "ಅವನು ನೋಡ್ತಾನೆ ಅಂತ ಏನು ಗ್ಯಾರಂಟಿ ನಿನಗೆ?" ಅಂತ ಕೇಳಿದಳು.

"ಏನೂ ಇಲ್ಲ ಅತ್ತಿಗೆ" ಅಂದಳು ಅವಳು. "ಆದ್ರೆ ಉತ್ತರ ಕೊಡೋದು ಬಾಕಿ ಇತ್ತು. ಕೊಟ್ಟಾಯ್ತು."

ದಿನಾ ಸಂಜೆ ಇಂಟರ್ನೆಟ್ ಅಂಗಡಿಗೆ ಹೋಗಿ ಪುಟ ತೆರೆಯೋಳು. ಕೌಂಟರಿನಲ್ಲಿ ದಿನಕ್ಕೊಂದು ಏರುತ್ತಿತ್ತು. ಅದು ಅವಳದ್ದೇ. ನಲವತ್ತಾಯಿತು, ನೂರಾಯಿತು, ನೂರೆಂಬತ್ತಾಯಿತು. ಮಳೆ ಬಂದು ಹೋಯಿತು, ಚಳಿ ಬಂತು. ಅತ್ತಿಗೆ ಕೇಳೋದು ನಿಲ್ಲಿಸಿದಳು. ಒಂದೊಂದು ಸಂಜೆ ಅವಳಿಗೂ ಸಾಕಾಗಿಹೋಗುತ್ತಿತ್ತು, ಆದರೂ ಕಾಲು ಅತ್ತಲೇ ಎಳೆಯುತ್ತಿತ್ತು.

ಹಿಂದಿನ ದಿನ ಇನ್ನೂರ ಆರು ಇದ್ದದ್ದು ಒಂದು ಸಂಜೆ ಇನ್ನೂರ ಏಳಾಗುವ ಬದಲು ಇನ್ನೂರ ಎಂಟಾಗಿತ್ತು.

ಎಡವಟ್ಟಾಗಿ ತಾನೇ ಎರಡು ಸಲ ಒತ್ತಿರಬೇಕು ಅಂದುಕೊಂಡಳು. ಮನೆಗೆ ಬಂದು ಹೊಲಿಗೆಗೆ ಕೂತವಳು ಒಂದೇ ತೋಳನ್ನು ಎರಡು ಸಲ ತಿರುವುಮುರುವಾಗಿ ಹೊಲಿದು ಬಿಚ್ಚಿದಳು. ಮಾರನೇ ದಿನ ಇನ್ನೂರ ಇಪ್ಪತ್ತೊಂದಾಗಿತ್ತು. ಯಾರೋ ಮತ್ತೆ ಮತ್ತೆ ತೆರೆದು ಓದಿದ್ದಾರೆ. ಆದರೆ ಪುಟ ಇದ್ದ ಹಾಗೇ ಇತ್ತು, ಒಂದಕ್ಷರವೂ ಹೆಚ್ಚಿರಲಿಲ್ಲ. ಅಂಗಡಿಯವನು ಲೈಟು ಆರಿಸುವವರೆಗೂ ಅಲ್ಲೇ ಕೂತಿದ್ದಳು.

ಮೂರನೇ ದಿನ ಅವಳ ಉತ್ತರದ ಕೆಳಗೆ ಒಂದು ಸಾಲು ಬಂದಿತ್ತು. ಈ ಸಲ ಫೋಟೊ ಅಲ್ಲ, ಟೈಪ್ ಮಾಡಿದ್ದು. ಎಲ್ಲೂ ತಡವರಿಸದ ಎರಡು ಪದ.

ಕಾಣ್ತಾ ಇದೆ.

ಅವಳು ಕೂತಲ್ಲೇ ಮೆಲ್ಲಗೆ ಬಲಗೈ ಎತ್ತಿದಳು. ಅಂಗಡಿಯವನು ಗಲ್ಲಾದಿಂದ ಬಗ್ಗಿ, ಏನು ಬೇಕಮ್ಮಾ ಅಂತ ಕೇಳಿದ. ಅವಳು ಏನೂ ಬೇಡ ಅಂತ ತಲೆಯಾಡಿಸಿದಳು. ಎತ್ತಿದ ಕೈ ಮಾತ್ರ ತುಂಬ ಹೊತ್ತು ಇಳಿಸಲಿಲ್ಲ.