ತೊಟ್ಟಿಯಲ್ಲಿ ಕರಗಿದ ಕಲ್ಲು

ಆ ಮನುಷ್ಯ ಕಲ್ಲು ತಿನ್ನುತ್ತಿದ್ದ.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಶಿಲಾ ಸಂಗ್ರಹಾಲಯದ ಹಿಂಬದಿಯ ಕೋಣೆಗೆ ಬೆಳಗ್ಗೆ ಅವಳಿಗಿಂತ ಮೊದಲು ಯಾರೂ ಬರುತ್ತಿರಲಿಲ್ಲ. ಇವನು ನೋಡಿದರೆ ಅವಳದೇ ಮೇಜಿಗೆ ಒರಗಿ, ಬೂದು ಬಣ್ಣದ ಕಲ್ಲಿನ ಚೂರೊಂದನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ.

"ಹಸಿವಾಗಿದ್ರೆ ಎದುರುಗಡೆ ಕ್ಯಾಂಟೀನ್ ಇದೆ ರೀ..."

ಅವನು ಬೆಚ್ಚಿಬಿದ್ದು ಚೂರನ್ನು ಬಾಯಿಂದ ತೆಗೆದ. ಕಿವಿ ಕೆಂಪಾಗಿತ್ತು. "ಜೇಡಿಕಲ್ಲು ಹೌದೋ ಅಲ್ವೋ ಅಂತ ನೋಡ್ತಿದ್ದೆ. ಹಲ್ಲಿಗೆ ಕರಕರ ಅಂದ್ರೆ ಹೂಳಿನ ಕಲ್ಲು, ನುಣ್ಣಗೆ ಜಾರಿದ್ರೆ ಜೇಡಿ. ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವೆ."

"ನಂಗೊತ್ತು," ಅಂದಳು. ಗೊತ್ತೇನೋ ಇತ್ತು, ಪುಸ್ತಕದಲ್ಲಿ ಓದಿದ್ದಳು. ಕಚ್ಚಿ ನೋಡಿರಲಿಲ್ಲ, ಅಷ್ಟೇ.

ಸಂಗ್ರಹಾಲಯದಲ್ಲಿ ಅವಳಿಗೆ ಲೇಬಲಮ್ಮ ಎಂದು ಹೆಸರು. ಗಾಜಿನ ಕಪಾಟಿನಲ್ಲಿ ಕೂತ ಪ್ರತಿ ಕಲ್ಲಿನ ಪಕ್ಕದ ಚೀಟಿಯೂ ಅವಳ ಕೈಬರಹ. ಭೂಮಿಯೊಳಗಿನ ಕುದಿರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಮರಳು, ಮಣ್ಣು ಪದರ ಪದರವಾಗಿ ಕೂತು ಕಲ್ಲಾದದ್ದು ಕಣಶಿಲೆ. ಯಾವುದೇ ಕಲ್ಲು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೇರೆಯೇ ಆದರೆ ಅದು ರೂಪಾಂತರ ಶಿಲೆ. ಸುಣ್ಣಕಲ್ಲು ಅಮೃತಶಿಲೆಯಾಗುವ ಬಗೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲಳು. ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲಿದ್ದರೆ ನಮ್ಮ ಲೇಬಲಮ್ಮನಿಗೆ ಅಲ್ಲಿ ಹೆಮ್ಮೆ ಇತ್ತು.

ಇವನು ಹೊಸದಾಗಿ ಸೇರಿದ ಸಂಗ್ರಾಹಕ. ಊರೂರು ಅಲೆದು ಕಲ್ಲು ತರುವುದು ಅವನ ಕೆಲಸ. ಮೊದಲ ದಿನವೇ ಅವಳು ಅವನಿಗೆ ಮನಸ್ಸಿನಲ್ಲಿ ಕಲ್ಲುಬಾಕ ಎಂದು ಹೆಸರಿಟ್ಟಳು. ಮರುದಿನ ಆ ಹೆಸರು ನೆನಪಾದಾಗ ಯಾಕೋ ನಗು ಬಂತು. ಆ ನಗು ಮನೆಗೆ ಹೋದ ಮೇಲೂ ಮುಖದಲ್ಲಿತ್ತು. ಅಕ್ಕ ನೋಡಿ, ಏನೇ ವಿಷಯ ಎಂದು ಕಣ್ಣು ಮಿಟುಕಿಸಿದಳು.

ಎಡವಟ್ಟಾದದ್ದು ಅವನು ಮುಂದಿನ ಸಲ ಕಲ್ಲು ತಂದಾಗ.

ಒಂದು ಟ್ರೇ ತುಂಬ ಕೆಸರು ಮೆತ್ತಿದ ಕಲ್ಲುಗಳು. ಅವನ್ನು ಮೇಜಿನ ಮೇಲಿಟ್ಟು, "ಇವನ್ನ ನೀವು ಮುಟ್ಟಬೇಡಿ, ನಾನೇ ತೊಳೀತೀನಿ," ಎಂದು ಹೇಳಿ ಊಟಕ್ಕೆ ಹೋದ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

'ಮುಟ್ಟಬೇಡಿ ಅಂತೆ! ಇಷ್ಟು ವರ್ಷ ಇಲ್ಲಿನ ಕಲ್ಲುಗಳನ್ನ ತೊಳೆದವಳು ಯಾರು?'

ಬಂದ ಕಲ್ಲನ್ನೆಲ್ಲ ಒಂದು ರಾತ್ರಿ ತೊಟ್ಟಿಯಲ್ಲಿ ನೆನೆಹಾಕಿ, ಕೆಸರು ಸಡಿಲವಾದ ಮೇಲೆ ಉಜ್ಜುವುದು ಅಲ್ಲಿನ ಪದ್ಧತಿ. ಅವಳು ಟ್ರೇಯನ್ನು ಎತ್ತಿದವಳೇ ಎಲ್ಲವನ್ನೂ ತೊಟ್ಟಿಗೆ ಸುರಿದಳು. ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ಬಿಚ್ಚಿ ಸಹ ನೋಡಲಿಲ್ಲ. ಹೊರಗಿನ ಕೆಂಪು ಮಣ್ಣು ಕಂಡು, ಮರಳುಗಲ್ಲಿರಬೇಕು ಎಂದುಕೊಂಡು ಬಟ್ಟೆಯ ಸಮೇತ ಹಾಕಿದಳು. ಸಂಜೆ ಅವನು ಹೊರಟಾಗ ಟ್ರೇ ಕಾಣದೆ ಕೇಳಿದ್ದಕ್ಕೆ, ಒಳಗೆ ಎತ್ತಿಟ್ಟಿದ್ದೇನೆ, ನಾಳೆ ನೋಡಿಕೊಳ್ಳಿ ಎಂದು ಬಿಗಿಯಾಗಿ ಹೇಳಿ ಬ್ಯಾಗ್ ಹೆಗಲಿಗೆ ಹಾಕಿಕೊಂಡಳು.

ಬೆಳಗ್ಗೆ ಬೇಗ ಬಂದು ತೊಟ್ಟಿಗೆ ಕೈ ಹಾಕಿದಳು. ಒಂದೊಂದಾಗಿ ಕಲ್ಲುಗಳು ಬಂದವು. ಬಟ್ಟೆಯೂ ಬಂತು... ಗಂಟು ಹಾಗೇ ಇತ್ತು, ಒಳಗೆ ಹಿಡಿ ಕೆಂಪು ಕೆಸರು ಬಿಟ್ಟು ಏನೂ ಇರಲಿಲ್ಲ.

ಕಲ್ಲು ಎಲ್ಲಿ ಹೋಯಿತು?

ಒದ್ದೆ ಬೆರಳನ್ನು ನಾಲಿಗೆಗೆ ತಾಗಿಸಿದಳು.

ಉಪ್ಪು.

ಕಲ್ಲುಪ್ಪು. ಕಣಶಿಲೆಯ ಸಾಲಿನಲ್ಲೇ ಸೇರುವ ಕಲ್ಲು. ಸಮುದ್ರದ ನೀರು ಆವಿಯಾಗಿ ಹೋದ ಮೇಲೆ ತಳದಲ್ಲಿ ಉಳಿದು ಗಟ್ಟಿಯಾದದ್ದು. ನೀರಲ್ಲಿ ಹಾಕಬಾರದ ಕಲ್ಲು ಯಾವುದು ಎಂದು ಕೇಳಿದರೆ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುವ ಉತ್ತರ. ಲೇಬಲಮ್ಮ ಅದನ್ನು ಇಡೀ ರಾತ್ರಿ ನೆನೆಹಾಕಿದ್ದಳು!

ಅವನು ಬರುವ ಹೊತ್ತಾಗುತ್ತಿತ್ತು. ಅವಳು ತೊಟ್ಟಿಯ ನೀರನ್ನು ಬಕೆಟ್ಟುಗಳಿಗೆ ಮೊಗೆದು, ಮೆಟ್ಟಿಲ ಕೆಳಗೆ ತಳ್ಳಿ, ಹಳೆಯ ಹಲಗೆ ಮುಚ್ಚಿದಳು. ಚೆಲ್ಲಲು ಮಾತ್ರ ಕೈ ಬರಲಿಲ್ಲ.

ತೊಳೆದ ಕಲ್ಲುಗಳನ್ನು ನೋಡಿ ಅವನ ಮುಖ ಬಿಳಿಚಿತು. ಬಟ್ಟೆಯಲ್ಲಿ ಸುತ್ತಿದ್ದೊಂದು ಇತ್ತಲ್ಲ ಎಂದು ಕೇಳಿದ.

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಟ್ರೇಯಲ್ಲಿ ಅಂಥದ್ದೇನೂ ಇರಲಿಲ್ಲ," ಅಂದಳು.

ಅವನು ನಂಬಿದ. ಅನುಮಾನಿಸಿದ್ದರೆ ಅವಳು ಜಗಳವನ್ನಾದರೂ ಆಡಬಹುದಿತ್ತು, ಆದರೆ ಅವನು ತಲೆ ಚಚ್ಚಿಕೊಂಡು, ಹಾಗಾದರೆ ಬಸ್ಸಿನಲ್ಲೇ ಬಿಟ್ಟಿರಬೇಕು ಎಂದು ಹೊರಟೇಬಿಟ್ಟ. ಅವನ ಮುಖ ನೋಡಲಾಗದೆ ಅವಳೂ ಹಿಂದೆಯೇ ಹೋದಳು.

ಇಲ್ಲದ ಕಲ್ಲನ್ನು ಇಬ್ಬರೂ ಹುಡುಕಿದರು. ಅವನು ಬಸ್ ಡಿಪೋದಲ್ಲಿ ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ. ಅವಳೂ ಬಗ್ಗಿದಳು. ಕಂಡಕ್ಟರ್ ಕರುಣೆಯಿಂದ, ಚಿನ್ನವೇನಮ್ಮ ಎಂದು ಅವಳನ್ನು ಕೇಳಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಿಪೋದ ಬೆಂಚಿನ ಮೇಲೆ ಚಹಾ ಕುಡಿಯುತ್ತ ಅವನು ಹೇಳಿದ. ಅಪ್ಪ ಉಪ್ಪಿನ ಗಣಿಯಲ್ಲಿ ದುಡಿದವರು. ಗಣಿಗೆ ನೀರು ನುಗ್ಗಿ ಮುಚ್ಚಿದ ದಿನ ಕೊನೆಯದಾಗಿ ಎತ್ತಿಕೊಂಡು ಬಂದ ಕಲ್ಲು ಅದು. ಈಗ ಅಪ್ಪನಿಗೆ ಕಣ್ಣು ಮಂಜು. ಅದನ್ನಿಡುವ ಹೊಸ ಕಪಾಟನ್ನು ಸಂಗ್ರಹಾಲಯದಲ್ಲಿ ತೆರೆಯುವ ದಿನ ಬರುತ್ತಾರೆ, ಕಲ್ಲನ್ನು ಮುಟ್ಟಿ ನೋಡುವುದಕ್ಕೆ.

"ಅಪ್ಪನಿಗೆ ಏನಂತ ಹೇಳ್ಲಿ, ನೀವೇ ಹೇಳಿ," ಅಂದ. "ಒಂದು ಕಲ್ಲು ಕಾಪಾಡೋಕಾಗಲಿಲ್ಲ ನನ್ನ ಕೈಲಿ. ನಾಚಿಕೆ ಆಗ್ತಿದೆ."

ಅವಳ ಪಾಲಿನ ನಾಚಿಕೆಯನ್ನು ಅವನು ಹೊತ್ತು ಕೂತಿದ್ದ. ಇವನನ್ನು ತಾನು ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಆ ಬೆಂಚಿನ ಮೇಲೆ. ಇಷ್ಟು ಕೆಟ್ಟ ಗಳಿಗೆಯಲ್ಲಿ ಗೊತ್ತಾಗಬೇಕಿತ್ತೇ?

ಅಂದಿನಿಂದ ಅವಳಿಗೆ ಅಡುಗೆಮನೆಯ ಉಪ್ಪಿನ ಡಬ್ಬಿ ತೆರೆಯುವುದಕ್ಕೂ ಮನಸ್ಸಾಗಲಿಲ್ಲ. ಅಕ್ಕ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು.

"ಇವತ್ತೂ ಉಪ್ಪಿಲ್ಲ. ಏನಾಗಿದೆಯೇ ನಿಂಗೆ?"

ತಂಗಿ ಅಳುತ್ತ ಎಲ್ಲವನ್ನೂ ಹೇಳಿದಳು. ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಆ ಹುಡುಗನ ಜೊತೆ ಹುಡುಕೋಕೂ ಹೋದ್ಯಾ?" ಎಂದಷ್ಟೇ ಕೇಳಿದಳು.

ಮರುದಿನ ಸಂಗ್ರಹಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಅವನನ್ನು ಕರೆಸಿದರು. ಚೀಟಿ ಜೋಡಿಸುತ್ತಿದ್ದ ಅವಳಿಗೆ ತೆರೆದ ಬಾಗಿಲಿನಿಂದ ಎಲ್ಲವೂ ಕೇಳಿಸಿತು. ದಾರಿಯಲ್ಲಿ ಕಲ್ಲು ಕಳೆಯುವವರನ್ನು ಮುಂದಿನ ಸಂಗ್ರಹಕ್ಕೆ ಹೇಗೆ ಕಳಿಸುವುದು, ಬೇರೆಯವರನ್ನು ನೋಡುತ್ತೇವೆ ಎಂದರು. ಅವನು ಒಂದು ಮಾತೂ ಎದುರಾಡದೆ ತಲೆ ತಗ್ಗಿಸಿ ನಿಂತಿದ್ದ.

ಅವಳು ಹೋಗಿ ಮೆಟ್ಟಿಲ ಕೆಳಗಿಟ್ಟಿದ್ದ ಒಂದು ಬಕೆಟ್ ಎತ್ತಿಕೊಂಡು ಬಂದಳು. ನೀರು ತುಳುಕಿ ಸೀರೆ ನೆನೆಯಿತು.

"ಕಳೆದದ್ದು ಇವರಲ್ಲ ಮೇಡಂ. ನಾನು. ಮುಟ್ಟಬೇಡಿ ಅಂದಿದ್ರು, ಹಠಕ್ಕೆ ನೆನೆಹಾಕಿದೆ. ಕಲ್ಲುಪ್ಪು ಅಂತ ನೋಡಲಿಲ್ಲ. ಆಮೇಲೆ ಸುಳ್ಳು ಹೇಳಿದೆ."

ಅವನು ಬಕೆಟ್ಟನ್ನೇ ನೋಡುತ್ತಿದ್ದ.

"ಕರಗಿಸಿದ್ದಕ್ಕೆ ನಂಗೆ ಬೇಜಾರಿಲ್ಲ," ಎಂದ ಕೊನೆಗೆ. "ಗೊತ್ತಿಲ್ಲದೆ ಆಗುತ್ತೆ. ಡಿಪೋದಲ್ಲಿ ನನ್ನ ಪಕ್ಕದಲ್ಲೇ ಬಗ್ಗಿ ಹುಡುಕಿದ್ರಲ್ಲ... ಅದು ಹೇಗಾಯ್ತು ನಿಮ್ಮ ಕೈಲಿ?"

ಅವನು ಹೊರಟುಹೋದ.

ದೊಡ್ಡ ಮೇಡಂ ಅವಳಿಗೆ ಬಾಯಿಗೆ ಬಂದಂತೆ ಬೈದರು. ಅವನ ಕೆಲಸ ಉಳಿಯಿತು, ಮಾತು ಮಾತ್ರ ಉಳಿಯಲಿಲ್ಲ. ಎದುರಾದರೆ ನಮಸ್ಕಾರ, ಅದರಾಚೆಗೆ ಏನೂ ಇಲ್ಲ. ಕಲ್ಲು ಕಚ್ಚುವುದನ್ನೂ ಅವಳೆದುರು ನಿಲ್ಲಿಸಿದ.

ಅವಳು ಬಕೆಟ್ಟುಗಳ ನೀರನ್ನು ಬಟ್ಟೆಯಲ್ಲಿ ಸೋಸಿದಳು. ಅಗಲವಾದ ಟ್ರೇಗಳಿಗೆ ಸುರಿದು ಸಂಗ್ರಹಾಲಯದ ತಾರಸಿಯ ಬಿಸಿಲಿಗಿಟ್ಟಳು. ಮೋಡ ಕವಿದರೆ ಓಡಿಹೋಗಿ ಮುಚ್ಚಿದಳು, ಕಾಗೆ ಬಂದರೆ ಓಡಿಸಿದಳು. ಏನಮ್ಮಾ, ಹಪ್ಪಳ ಒಣಗಿಸುತ್ತಿದ್ದೀರಾ ಎಂದು ಕಾವಲುಗಾರ ತಮಾಷೆ ಮಾಡಿದ. ನೀರು ತಗ್ಗುತ್ತ ಬಂತು. ಒಂದು ಮಧ್ಯಾಹ್ನ ಅಂಚಿನಲ್ಲಿ ಬಿಳಿ ಗೆರೆ ಕಂಡಿತು. ಆಮೇಲೆ ತಳದಲ್ಲಿ ಚೌಕಾಕಾರದ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದವು, ಮಣ್ಣಿನ ಕೆಂಪು ಛಾಯೆ ಚೂರು ಹಾಗೇ ಇತ್ತು. ಕಂಡಾಗ ಅವಳು ಅಲ್ಲೇ ಕೂತು ಅತ್ತಳು.

ಹೊಸ ಕಪಾಟು ತೆರೆಯುವ ದಿನ ಅವನು ಅಪ್ಪನ ಕೈ ಹಿಡಿದು ಬಂದ. ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳಿ ಕರೆತಂದಿದ್ದ. ಕಣಶಿಲೆಯ ಸಾಲಿನ ಕೊನೆಯಲ್ಲಿ ಹರಳಿನ ಗಟ್ಟಿಯೊಂದು ಕೂತಿತ್ತು. ಅವನು ನಿಂತು, ಚೀಟಿಯನ್ನು ಅಪ್ಪನಿಗೆ ಓದಿ ಹೇಳತೊಡಗಿದ.

"ಕಲ್ಲುಪ್ಪು. ನೀರು ಆವಿಯಾಗಿ ಉಳಿದದ್ದು. ಮೊದಲ ಸಲ ಸಮುದ್ರದಲ್ಲಿ. ಎರಡನೇ ಸಲ ಈ ಕಟ್ಟಡದ ತಾರಸಿಯಲ್ಲಿ, ಈ ಚೀಟಿ ಬರೆದವಳ ತಪ್ಪಿನಿಂದ..."

ಅವನ ದನಿ ಅಲ್ಲಿಗೆ ನಿಂತಿತು. ಬಂದವರೆಲ್ಲ ಓದುವ ಜಾಗದಲ್ಲಿ, ಆ ಹೆಮ್ಮೆಯ ಹುಡುಗಿ, ಅದೇ ದುಂಡು ಕೈಬರಹದಲ್ಲಿ ಬರೆದಿದ್ದಳು.

ಮುದುಕ ಗಾಜಿನ ಬಾಗಿಲು ತೆಗೆಸಿ ಹರಳಿನ ಮೇಲೆ ಬೆರಳಾಡಿಸಿದ. ಬೆರಳನ್ನು ನಾಲಿಗೆಗಿಟ್ಟ. ಕಲ್ಲನ್ನು ಬಾಯಿಗಿಡುವ ಅಭ್ಯಾಸ ಮಗನಿಗೆ ಎಲ್ಲಿಂದ ಬಂತೆಂದು ಈಗ ತಿಳಿಯಿತು.

"ನಮ್ಮದೇ," ಎಂದ. ಆಮೇಲೆ ನಕ್ಕ. "ನಿಮ್ಮಮ್ಮ ಮದುವೆಯಾದ ಹೊಸದರಲ್ಲಿ ಇಂಥದ್ದೇ ಒಂದನ್ನ ಅಂಗಳದಲ್ಲಿ ಮಳೆಗೆ ಇಟ್ಟಿದ್ಲು ಕಣೋ. ಕಳ್ಳ ತಗೊಂಡು ಹೋದ ಅಂತ ಎಷ್ಟೋ ವರ್ಷ ಸಾಧಿಸಿದ್ಲು. ಈ ಹುಡುಗಿ ಪರವಾಗಿಲ್ಲ, ಬೇಗ ಒಪ್ಪಿಕೊಂಡ್ಲು. ಎಲ್ಲಿದ್ದಾಳೆ?"

ಅವಳು ಹಿಂದಿನ ಕೋಣೆಯಲ್ಲಿ, ಅದೇ ಮೇಜಿನ ಬಳಿ ತಲೆ ತಗ್ಗಿಸಿ ಕೂತಿದ್ದಳು. ಅವನು ಬಂದು ಬಾಗಿಲಲ್ಲಿ ನಿಂತ.

"ಅಪ್ಪ ಕರೀತಿದ್ದಾರೆ."

"ಯಾವ ಮುಖ ಇಟ್ಕೊಂಡು ಬರ್ಲಿ ನಾನು?"

"ಇರೋದೇ ಸಾಕು. ನಂಗೆ ಅದೇ ಇಷ್ಟ."

ಅವಳು ತಲೆ ಎತ್ತಿದಳು. ಅವನ ಕಿವಿ ಮೊದಲ ದಿನದಂತೆ ಕೆಂಪಾಗಿತ್ತು.

"ಕೋಪ ಹೋಯ್ತಾ?"

"ಇಲ್ಲ. ಇನ್ನೂ ಸ್ವಲ್ಪ ಇದೆ." ಅವನು ಕೈ ಚಾಚಿದ. "ಆ ನೀರು ಆರೋಕೆ ಎಷ್ಟು ದಿನ ಬೇಕಾಯ್ತು?"

"ಬಿಸಿಲಿದ್ದ ದಿನ ಬೇಗ ಆರ್ತಿತ್ತು," ಅಂದಳು, ಕಣ್ಣೊರೆಸಿಕೊಳ್ಳುತ್ತ. "ಪಕ್ಕದಲ್ಲೇ ಕೂತು ಕಾಯಬೇಕು, ಅಷ್ಟೇ."

"ಕೂತು ಕಾಯ್ತೀರಾ?"

ಅವಳು ಅವನ ಕೈ ಹಿಡಿದಳು. "ಕಾಯ್ತೀನಿ."