ಅವನು ಬಂದ ದಿನ ಕೆಡುವ ಅಚ್ಚು

“ಹಿಡ್ಕೊಳ್ಳಿ! ಎರಡೂ ಕೈಯಲ್ಲಿ... ಗಟ್ಟಿಯಾಗಿ!”

ತೆರೆದ ಬಾಗಿಲಲ್ಲಿ ಬಂದು ನಿಂತ ಅಪರಿಚಿತನಿಗೆ ಅವಳು ಹೇಳಿದ ಮೊದಲ ಮಾತು ಇದು. ಯಾರು ಎಂದು ಕೇಳಲಿಲ್ಲ, ಕೂರಿ ಎನ್ನಲಿಲ್ಲ.

ಅವನೂ ಯಾಕೆ, ಏನು ಎನ್ನಲಿಲ್ಲ. ಹೆಗಲ ಚೀಲವನ್ನು ನೆಲಕ್ಕೆ ಬಿಟ್ಟವನೇ ಅವಳು ಚಾಚಿದ ಅಚ್ಚಿನ ಎರಡು ಹೋಳುಗಳನ್ನು ಅಂಗೈಗಳ ನಡುವೆ ಒತ್ತಿ ಹಿಡಿದ. ಅಚ್ಚಿಗೆ ಬಿಗಿದ ದಾರ ಆಗಷ್ಟೇ ತುಂಡಾಗಿತ್ತು. ಒಳಗೆ ಸುರಿದ ರೆಸಿನ್, ಆರಿದರೆ ಪ್ಲಾಸ್ಟಿಕ್ ಆಗುವ ದ್ರವ, ಇನ್ನೂ ಹಾಲಿನಂತೆ ತೆಳ್ಳಗಿತ್ತು. ಒಂದು ಕೂದಲೆಳೆ ಸಂದಿ ಸಿಕ್ಕರೂ ಸೋರಿಹೋಗುವಂಥದ್ದು.

“ಅಯ್ಯೋ, ಬಿಸಿ ಆಗ್ತಾ ಇದೆ ಇದು!”

“ಆಗ್ಲೇಬೇಕು. ಗಟ್ಟಿ ಆಗೋವಾಗ ಬಿಸಿ ಆಗುತ್ತೆ. ಹೆದರ್ಕೋಬೇಡಿ.”

“ಹೆದರಿಕೆ ಇಲ್ಲ. ಕೈ ಬೆವರ್ತಿದೆ. ಜಾರಿದ್ರೆ?”

“ಜಾರಿದ್ರೆ ನಿಮ್ಮ ಶರ್ಟಿಗೆ ರೈಲಿನ ಸೀಟು ಅಂಟ್ಕೊಂಡಿರುತ್ತೆ, ಅಷ್ಟೇ!”

ಅವನು ನಕ್ಕ. ನಕ್ಕರೆ ಕೈ ಅಲುಗೀತು ಎಂದು ಅವಳು ತನ್ನ ಕೈಗಳನ್ನು ಅವನ ಕೈಗಳ ಮೇಲಿಟ್ಟು ಒತ್ತಿದಳು. ರೆಸಿನ್ ತನ್ನ ಪಾಡಿಗೆ ಬಿಸಿಯಾಗಿ, ತನ್ನ ಪಾಡಿಗೆ ಆರುತ್ತಿತ್ತು. ಕೈ ಬಿಡುವ ಹೊತ್ತು ಬಂದಾಗ ಯಾರು ಮೊದಲು ಬಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

*ಇದೇನಿದು? ಯಾರಿವನು? ನನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ತಿದೆ?*

ಆ ಮನೆಯ ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಆಟದ ರೈಲುಗಳ ಬೋಗಿಗೆ ಬೇಕಾದ ಸೀಟು, ಕಿಟಕಿಯ ಚೌಕಟ್ಟು, ಮೆಟ್ಟಿಲು, ಬಾಗಿಲ ಹಿಡಿಕೆ, ಎಲ್ಲವೂ ಅಲ್ಲಿ ಹುಟ್ಟುತ್ತಿದ್ದವು. ಬೆರಳ ತುದಿಯ ಮೇಲೆ ಸಾಲಾಗಿ ಕೂರಿಸಬಹುದಾದಷ್ಟು ಪುಟ್ಟವು. ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡವಳಿಗೆ ಸೋದರತ್ತೆಯೇ ತಾಯಿ, ತಂದೆ, ಜೊತೆಗೆ ಜಗಳವಾಡಲು ಗೆಳತಿ. ಆ ಅತ್ತೆಗೆ ರೆಸಿನ್ ವಾಸನೆ ಕಂಡರಾಗದು.

“ಏನ್ ಕೆಲಸಪ್ಪ ನಿಂದು?” ಎಂದು ಅತ್ತೆ ಬಂದವನನ್ನು ವಿಚಾರಿಸಿದಳು.

“ಆಸ್ಪತ್ರೇಲಿ ನರ್ಸ್, ಅಮ್ಮ. ಬಾಡಿಗೆ ರೂಮು ಚಿಕ್ಕದು, ಮಂಚದ ಕೆಳಗೇ ಹಳಿ ಹಾಕ್ಕೊಂಡಿದ್ದೀನಿ. ಬೋಗಿಗೆ ಸೀಟು ಬೇಕಿತ್ತು.”

“ಮಂಚದ ಮೇಲೆ ನೀನು, ಕೆಳಗೆ ರೈಲು! ಚೆನ್ನಾಗಿದೆ ಸಂಸಾರ. ಏನಂತ ಕರೀಬೇಕು ನಿನ್ನ?”

“ಆಸ್ಪತ್ರೇಲಿ ಎಲ್ರೂ ಬ್ರದರ್ ಅಂತಾರೆ.”

*ಬ್ರದರ್ ಅಂತ ಮಾತ್ರ ನಾನು ಕರೆಯಲಾರೆ!* ಅವಳ ಮನಸ್ಸು ಒಳಗೇ ಚೀರಿತು. ಚೀರಿದ್ದು ಯಾಕೆಂದು ಅವಳಿಗೇ ತಿಳಿಯದೆ ಮುಖ ಕೆಂಪಾಯಿತು.

ಮುಂದಿನ ರಜೆಗೆ ಅವನು ಮತ್ತೆ ಬಂದ. ಕೈಯಲ್ಲೊಂದು ಪೆಟ್ಟಿಗೆ.

“ಗ್ಲೌಸ್. ನಿಮ್ಮ ಬೆರಳ ಚರ್ಮ ಸುಲೀತಿರೋದನ್ನ ಅವತ್ತೇ ನೋಡ್ದೆ. ಆಸ್ಪತ್ರೇದಲ್ಲ, ಅಂಗಡೀಲಿ ತಗೊಂಡಿದ್ದು.”

ತನ್ನ ಬೆರಳುಗಳನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಅವಳು ಪೆಟ್ಟಿಗೆಯನ್ನು ಬೀರುವಿನಲ್ಲಿ ಒಳ್ಳೆಯ ಬಟ್ಟೆಗಳ ನಡುವೆ ಇಟ್ಟಳು. ಬಳಸಿ ಮುಗಿಸಲು ಮನಸ್ಸು ಬಾರದು. ಬಳಸದಿದ್ದರೆ ಅವನು ಏನೆಂದುಕೊಂಡಾನು? ಹಾಗಾಗಿ ಅವನು ಬರುವ ದಿನ ಮಾತ್ರ ಒಂದು ಜೊತೆ ತೆಗೆದು ಹಾಕಿಕೊಳ್ಳುವಳು. ಉಳಿದ ದಿನ ಬರಿಗೈಯೇ.

ಅವನು ಬರುವ ದಿನಗಳನ್ನು ಅವಳು ಹೊಸ ಅಚ್ಚು ಮಾಡಲು ಮೀಸಲಿಡತೊಡಗಿದಳು. ನಾಲ್ಕು ಕೈ ಇದ್ದರೆ ಕೆಲಸ ಹಗುರ ಎಂದು ಅತ್ತೆಗೆ ಸಬೂಬು. ಮಾದರಿಯ ತುಣುಕನ್ನು ಜೇಡಿಮಣ್ಣಿನಲ್ಲಿ ಅರ್ಧ ಹೂತು, ಸುತ್ತ ಗೋಡೆ ಕಟ್ಟಿ, ಎರಡು ಡಬ್ಬಿಗಳ ದ್ರವವನ್ನು ಸಮ ಅಳತೆಯಲ್ಲಿ ಕಲಸಿ ನೂಲಿನಂತೆ ಸುರಿಯಬೇಕು. ಅವನು ಗೋಡೆ ಹಿಡಿದು ನಿಲ್ಲುವನು, ಅವಳು ಸುರಿಯುವಳು. ಮರುದಿನಕ್ಕೆ ಅದು ಮೆತ್ತಗಿನ ರಬ್ಬರ್ ಆಗಿ ಹೆಪ್ಪುಗಟ್ಟಿರಬೇಕು.

ಆಗಲಿಲ್ಲ!

ಬಿಡಿಸಿ ನೋಡಿದರೆ ಮೇಲೆಲ್ಲ ಸರಿ. ಮಾದರಿಗೆ ತಾಗಿದ ಕಡೆ ಮಾತ್ರ ಅಂಟಂಟು. ಅಳತೆ ತಪ್ಪಿರಬೇಕೆಂದು ಮರುದಿನ ಒಬ್ಬಳೇ ಮತ್ತೆ ಮಾಡಿದಳು. ಚೆನ್ನಾಗಿ ಬಂತು. ಅವನು ಮುಂದಿನ ಬಾರಿ ಬಂದಾಗ ಮತ್ತೆ ಅಂಟು. ಒಬ್ಬಳೇ ಮಾಡಿದರೆ ಕನ್ನಡಿ ಹಾಗೆ ನುಣುಪು. ಡಬ್ಬಿ ಬದಲಿಸಿದಳು, ತಕ್ಕಡಿ ಬದಲಿಸಿದಳು, ಕಿಟಕಿ ಮುಚ್ಚಿ ನೋಡಿದಳು, ತೆರೆದೂ ನೋಡಿದಳು. ಅವನು ಬಂದ ದಿನದ ಅಚ್ಚು ಮಾತ್ರ ಕೆಡುತ್ತಲೇ ಹೋಯಿತು.

“ಬೇಜಾರ್ ಮಾಡ್ಕೋಬೇಡ ಕಣೇ,” ಎಂದಳು ಅತ್ತೆ, ಅಂಟು ಮೆತ್ತಿದ ತಟ್ಟೆ ತಿಕ್ಕುತ್ತಾ. “ಹುಡುಗ ಒಳ್ಳೆಯವನೇ. ಆದ್ರೆ ಅವನ ಕಾಲ್ಗುಣ...”

“ಅತ್ತೇ! ರಬ್ಬರ್‌ಗೆ ಕಾಲ್ಗುಣ ಗೊತ್ತಾಗುತ್ತಾ?”

“ಹಾಗಾದ್ರೆ ನಿಂಗೆ ಗೊತ್ತಿರೋ ಕಾರಣ ಹೇಳಮ್ಮ, ಕೇಳ್ತೀನಿ.”

ಅವಳಲ್ಲಿ ಕಾರಣವಿರಲಿಲ್ಲ. ಅದೇ ಅವಳ ಕಷ್ಟ. ನಂಬಲು ಮನಸ್ಸಿಲ್ಲ, ತಳ್ಳಿಹಾಕಲು ಧೈರ್ಯವಿಲ್ಲ. ಬೆಳಿಗ್ಗೆ ಎದ್ದು ಕೈಮುಗಿದಾಗ ಕೇಳಿಯೇಬಿಟ್ಟಳು: *ದೇವರೇ, ಇವನು ಬೇಡ ಅನ್ನೋದಾದರೆ ನೇರವಾಗಿ ಹೇಳು. ಹೀಗೆ ಅಂಟಂಟಾಗಿ ಯಾಕೆ ಹೇಳ್ತೀಯ?*

ದೇವರಿಗೂ ಒಂದು ತಾಳ್ಮೆಯಿದೆ ನೋಡಿ. ಕೇಳಿದ ಕೂಡಲೇ ಬಾಯಿಬಿಡುವವನಲ್ಲ.

ಅಷ್ಟರಲ್ಲಿ ಅವನು ತಾನೇ ಕೆತ್ತಿದ ಒಂದು ಮಾದರಿ ತಂದ. ಹಳೆಯ ಬೋಗಿಯೊಂದರ ಪಕ್ಕದ ಗೋಡೆ. ಸಾಸಿವೆಗಿಂತ ಸಣ್ಣ ರಿವೆಟ್ಟು ಮೊಳೆಗಳ ಸಾಲು, ಉಗುರಿನಷ್ಟು ಕಿಟಕಿಗಳು. ಡ್ಯೂಟಿ ಮುಗಿದ ಮೇಲೆ ಎಷ್ಟೋ ತಿಂಗಳು ಕೂತು ಮಾಡಿದ್ದು.

“ಇದರ ಅಚ್ಚು ನೀವೇ ಮಾಡ್ಬೇಕು. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ.”

‘ಇವತ್ತು ಬೇಡ, ನೀವಿಲ್ಲದ ದಿನ ಮಾಡ್ತೀನಿ’ ಎನ್ನಲು ಬಾಯಿ ಬರಲಿಲ್ಲ. ಹೊಸ ಗ್ಲೌಸ್ ಹಾಕಿಕೊಂಡು, ದೇವರ ಮೇಲೆ ಭಾರ ಹಾಕಿ ಸುರಿದಳು.

ಮರುದಿನ ಬಿಡಿಸಿದರೆ ರಬ್ಬರ್ ಅಂಟಾಗಿ ಒಂದೊಂದು ರಿವೆಟ್ಟಿಗೂ ಕಚ್ಚಿಕೊಂಡಿತ್ತು. ಬಿಡಿಸಹೋದರೆ ಕಿಟಕಿಯ ಸರಳುಗಳು ಪಟಪಟನೆ ಮುರಿದವು. ಅಷ್ಟು ತಿಂಗಳ ಕೆಲಸ ಅವಳ ಅಂಗೈಯಲ್ಲಿ ಹಾಳಾಗಿ ಕೂತಿತ್ತು.

ಸಂಜೆ ನೋಡಲು ಬಂದವನಿಗೆ ಅವಳು ಅದನ್ನು ತೋರಿಸಿದಳು. ಕಣ್ಣೆತ್ತಿ ನೋಡಲಾಗಲಿಲ್ಲ.

“ಪರವಾಗಿಲ್ಲ ಬಿಡಿ. ಇನ್ನೊಂದು ಕೆತ್ತಿದ್ರಾಯ್ತು.”

“ಬೇಡ... ನೀವು... ಇನ್ಮೇಲೆ ಇಲ್ಲಿಗೆ ಬರ್ಬೇಡಿ.”

“ಯಾಕೆ?”

ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಅವನು ಕೆಟ್ಟ ಅಚ್ಚನ್ನು ನೋಡಿದ, ಗೋಡೆಗೆ ನೇತುಹಾಕಿದ್ದ ಒಳ್ಳೆಯ ಅಚ್ಚುಗಳನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

“ನಾನು ಬಂದ ದಿನವೇ ಕೆಡುತ್ತೆ. ಅಲ್ವಾ?”

ಅವಳು ತಲೆತಗ್ಗಿಸಿದಳು.

“ನಂದು ವಾಸಿಯಾಗದವರ ವಾರ್ಡು. ನಾನು ಹತ್ರ ಹೋದ್ರೆ ಕೆಲವರು ಮುಖ ತಿರುಗಿಸ್ಕೋತಾರೆ. ಇವನು ಬಂದ ಅಂದ್ರೆ ಮುಗೀತು ಅಂತಾರೆ. ಅಭ್ಯಾಸ ಆಗಿದೆ.” ಅವನು ನಗಲು ನೋಡಿದ. “ಇಲ್ಲಿ ಒಂದು ಕಡೆ ಹಾಗಿಲ್ಲ ಅಂದ್ಕೊಂಡಿದ್ದೆ.”

ಅವನು ಹೋದ. ಬಾಗಿಲನ್ನು ಎಳೆದುಕೊಂಡೇ ಹೋದ, ಸದ್ದಾಗದ ಹಾಗೆ.

ಆಮೇಲೆ ಮಾಡಿದ ಅಚ್ಚುಗಳೆಲ್ಲ ಚೆನ್ನಾಗಿ ಬಂದವು. ಒಂದೂ ಕೆಡಲಿಲ್ಲ! ಸೀಟುಗಳ ಸಾಲು ಸಾಲೇ ತಟ್ಟೆಯಲ್ಲಿ ಹೊಳೆಯುತ್ತಿದ್ದವು. ಅದನ್ನು ನೋಡಿ ಅವಳು ಅತ್ತಳು. ಕೆಲಸ ಕೈಗೂಡಿದ್ದಕ್ಕೆ ಅಳುವವರುಂಟೇ? *ಹಾಗಾದರೆ ಅದು ನಿಜವೇ? ನಿಜವಾದರೆ ಎದೆಗೆ ಯಾಕೆ ಸಮಾಧಾನವಿಲ್ಲ?* ಅನ್ನ ಸೇರಲಿಲ್ಲ. ಅತ್ತೆಯ ಮುಖ ನೋಡಲು ಆಗಲಿಲ್ಲ. ಅತ್ತೆಗೂ ಇವಳ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೆನಪು ತಡೆಯಲಾರದೆ ಅವಳು ಬೀರು ತೆರೆದಳು. ಅವನಿಲ್ಲ, ಅವನು ಕೊಟ್ಟದ್ದಾದರೂ ಕೈಗಿರಲಿ ಎಂದುಕೊಂಡು ಗ್ಲೌಸ್ ಹಾಕಿಕೊಂಡಳು. ಅವುಗಳಲ್ಲೇ ಮಾದರಿಯನ್ನು ಒರೆಸಿದಳು, ಜೇಡಿಗೆ ಒತ್ತಿದಳು, ಸುರಿದಳು.

ಮರುದಿನ ಅಚ್ಚು ಅಂಟಾಗಿತ್ತು.

ಅವಳು ಅದನ್ನೇ ನೋಡುತ್ತಾ ನೆಲದ ಮೇಲೆ ಕೂತುಬಿಟ್ಟಳು. *ಅವನು ಬಂದಿರಲಿಲ್ಲ... ಅವನು ಬಂದೇ ಇರಲಿಲ್ಲ!*

ಎದ್ದು ಎರಡು ತುಣುಕು ತೆಗೆದುಕೊಂಡಳು. ಒಂದನ್ನು ಬರಿಗೈಯಲ್ಲಿ ಮುಟ್ಟಿದಳು, ಇನ್ನೊಂದರ ಮೇಲೆ ಗ್ಲೌಸಿನ ಒಂದೇ ಬೆರಳು ಒತ್ತಿ, ಎರಡರ ಮೇಲೂ ರಬ್ಬರ್ ಸುರಿದಳು. ಮಾರನೆಯ ದಿನ ಮೊದಲನೆಯದು ನುಣುಪು. ಎರಡನೆಯದರಲ್ಲಿ ಬೆರಳು ಒತ್ತಿದ ಜಾಗ ಮಾತ್ರ, ಅಷ್ಟೇ ಅಗಲ, ಅಂಟು.

ರಬ್ಬರಿನ ಡಬ್ಬಿ ಮಾರುವ ಅಂಗಡಿಗೆ ಫೋನ್ ಮಾಡಿ ಹೇಳಿದಾಗ ಅವರು ನಕ್ಕರು. “ಆ ಗ್ಲೌಸ್ ರಬ್ಬರ್ ಮರದ ಹಾಲಿಂದ ಮಾಡಿದ್ದು ಅಮ್ಮ. ಅದು ಸೋಕಿದ ಕಡೆ ನಮ್ಮ ಡಬ್ಬಿ ರಬ್ಬರ್ ಹೆಪ್ಪಾಗಲ್ಲ. ಇಷ್ಟು ವರ್ಷ ನಿಮಗೆ ಗೊತ್ತಿರ್ಲಿಲ್ವಾ?”

“ಇಷ್ಟು ವರ್ಷ ನನಗೆ ಯಾರೂ ಗ್ಲೌಸ್ ಕೊಟ್ಟಿರ್ಲಿಲ್ಲ,” ಎಂದಳು.

ಅತ್ತೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ತಲೆ ಚಚ್ಚಿಕೊಂಡಳು. “ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಇನ್ನೂ ಯಾಕೆ ಕಂಬದ ಹಾಗೆ ನಿಂತಿದ್ದೀಯ? ಹೋಗೇ!”

ಮಧ್ಯಾಹ್ನದ ಆಸ್ಪತ್ರೆ ಊಟ ಮುಗಿಸಿ ಸದ್ದಡಗಿತ್ತು. ವಾರ್ಡಿನ ಬಾಗಿಲ ಬಳಿ ಅವನು ಒಗೆದ ಹಾಸಿಗೆ ಬಟ್ಟೆಗಳನ್ನು ಮಡಚುತ್ತಿದ್ದ. ಅವಳನ್ನು ಕಂಡು ಮಡಿಕೆ ಅರ್ಧಕ್ಕೇ ನಿಂತಿತು.

“ಯಾರಿಗಾದ್ರೂ ಹುಷಾರಿಲ್ವಾ?”

“ಇಲ್ಲ. ಅಚ್ಚು ಕೆಟ್ಟಿದ್ದು ನಿಮ್ಮಿಂದಲ್ಲ. ಗ್ಲೌಸಿಂದ. ಅದು ತಾಗಿದ್ರೆ ರಬ್ಬರ್ ಗಟ್ಟಿ ಆಗಲ್ಲ.” ಒಂದೇ ಉಸಿರಿಗೆ ಹೇಳಿದಳು.

ಅವನು ಯೋಚಿಸಿದ. “ಗ್ಲೌಸ್ ತಂದುಕೊಟ್ಟವನು ನಾನೇ. ಅಲ್ಲಿಗೆ ತಪ್ಪು ನಂದೇ ಆಯ್ತಲ್ಲ.”

“ತಮಾಷೆ ಮಾಡ್ಬೇಡಿ...”

“ಮತ್ತೆ ನಾನು ಬಂದ ದಿನ ಮಾತ್ರ ಯಾಕೆ ಕೆಡ್ತಿತ್ತು? ದಿನಾ ಹಾಕ್ಕೋತಿದ್ರಲ್ಲ?”

ಅವಳು ಸಿಕ್ಕಿಹಾಕಿಕೊಂಡಿದ್ದಳು. ಅವನ ಮೇಲಿನ ಅಪವಾದ ತೊಳೆಯಬೇಕಾದರೆ ತನ್ನ ಗುಟ್ಟು ಬಿಚ್ಚಲೇಬೇಕು. ಬೇರೆ ದಾರಿಯಿರಲಿಲ್ಲ.

“ದಿನಾ ಹಾಕ್ಕೋತಿರ್ಲಿಲ್ಲ,” ಎಂದಳು, ಮಡಚಿದ ಬಟ್ಟೆಗಳನ್ನು ನೋಡುತ್ತಾ. “ಖರ್ಚಾಗ್ಬಾರ್ದು ಅಂತ ಬೀರುವಲ್ಲಿ ಇಟ್ಟಿದ್ದೆ. ನೀವು ಬರೋ ದಿನ ಮಾತ್ರ... ನಿಮಗೆ ಕಾಣ್ಲಿ ಅಂತ.”

ಅವನ ಕೈಯಲ್ಲಿದ್ದ ಬಟ್ಟೆಯ ಮಡಿಕೆ ಬಿಚ್ಚಿಕೊಂಡು ನೆಲಕ್ಕೆ ಇಳಿಯಿತು. ಅದನ್ನು ಎತ್ತಿಕೊಳ್ಳುತ್ತಾ ಕೇಳಿದ.

“ಕಾರಣ ಗೊತ್ತಾಗದೇ ಇದ್ದಿದ್ರೆ? ಬರ್ತಿರ್ಲಿಲ್ಲ ಅಲ್ವಾ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಗೊತ್ತಿಲ್ಲ. ನನಗೆ ಏನೂ ಗೊತ್ತಾಗ್ತಿರ್ಲಿಲ್ಲ. ನೀವು ಹೋದ್ಮೇಲೆ ಎಲ್ಲಾ ಚೆನ್ನಾಗಿ ಬಂತು. ಒಂದೊಂದು ಒಳ್ಳೆ ಅಚ್ಚು ಬಂದಾಗ್ಲೂ ಅಳು ಬರ್ತಿತ್ತು. ಇದು ಕೆಡಬಾರದಿತ್ತಾ, ಕೆಟ್ಟಿದ್ರೆ ನಿಮ್ಮ ತಪ್ಪಿಲ್ಲ ಅಂತ ಆಗ್ತಿತ್ತು ಅಂತ... ನನ್ನ ಕೆಲಸ ಹಾಳಾಗ್ಲಿ ಅಂತ ನಾನೇ ಬೇಡ್ಕೊಂಡೆ. ಅದಕ್ಕೆ ಏನಂತಾರೋ ನೀವೇ ಹೇಳಿ!”

ಅವನ ಕಣ್ಣು ತುಂಬಿತು. ವಾರ್ಡಿನಲ್ಲಿ ಎಷ್ಟೋ ಕಂಡವನು, ತನ್ನ ಕಣ್ಣೊರೆಸಿಕೊಳ್ಳಲು ಮಾತ್ರ ಬಾರದವನ ಹಾಗೆ ನಿಂತ.

“ಬ್ರದರ್,” ಎಂದು ಕಿಟಕಿಯ ಪಕ್ಕದ ಮಂಚದಿಂದ ಒಬ್ಬ ಅಜ್ಜಿಯ ಸ್ವರ ಬಂತು. ಬಾಡಿದ ಮುಖ, ಚುರುಕು ಕಣ್ಣು. “ನೀರು ಕೇಳಿ ಎಷ್ಟು ಹೊತ್ತಾಯ್ತು! ಯಾರೋ ಅದು, ನಿನ್ನ ಮುಂದೆ ನಿಂತಿರೋದು?”

ಅವನು ತಡವರಿಸಿದ. “ಅವರು... ಅಜ್ಜಿ...”

ಲೋಟಕ್ಕೆ ನೀರು ತುಂಬಿದ್ದು ಅವಳು. ಅಜ್ಜಿಯ ತಲೆಯ ಹಿಂದೆ ಕೈಕೊಟ್ಟು ಎತ್ತಿದ್ದು ಅವನು. ಗುಟುಕು ಗುಟುಕಾಗಿ ಕುಡಿಯುವವರೆಗೆ ಇಬ್ಬರೂ ಅಲುಗಲಿಲ್ಲ.

“ನಾನು ಇವರ ಮನೆಯವಳಾಗೋಳು, ಅಜ್ಜಿ,” ಎಂದಳು ಅವಳು. “ಇವರು ಒಪ್ಪಿದ್ರೆ.”

ಅಜ್ಜಿ ಅವನ ಕಡೆ ತಿರುಗಿದಳು. “ಏನಪ್ಪಾ? ಬೇಗ ಹೇಳು. ನನ್ನ ಹತ್ರ ಹೊತ್ತಿಲ್ಲ.”

“ಒಪ್ಪಿದ್ದೀನಿ ಅಜ್ಜಿ,” ಎಂದ ಅವನು, ಅವಳನ್ನೇ ನೋಡುತ್ತಾ. “ಡ್ಯೂಟಿ ಮುಗಿಯೋಕೆ ಇನ್ನೂ ಹೊತ್ತಿದೆ. ಕಾಯ್ತೀರಾ?”

“ಕಾಯ್ತೀನಿ ರೀ.”

ಅವಳು ಅಜ್ಜಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಜ್ಜಿ ಕಣ್ಣು ಮುಚ್ಚಿ, ಅವಳ ಸುಲಿದ ಬೆರಳುಗಳನ್ನು ತನ್ನ ಕೈಗೆ ತೆಗೆದುಕೊಂಡಳು.